ಸಗರನಾಡಿನ ‘ನಮ್ಮವರು’

ಬೇಸಿಗೆಯಲ್ಲಿ ಯಾದಗಿರಿ ಕೋಟೆ ಹತ್ತುವವರು ಬೆಳಗಿನ ಏಳರೊಳಗೆ ಗುಡ್ಡದ ಬುಡ ಬಿಡಬೇಕು. ತಡವಾದರೆ ಬಂಡೆ ಕಾದು ಕೈಯೂರಲೂ ಬಿಡುವುದಿಲ್ಲ. ಮೇಲೇರಿ ನಿಂತರೆ ಒಂದು ಮಗ್ಗುಲಿಗೆ ಮುಂಬೈ–ಚೆನ್ನೈ ರೈಲು ಹಳಿ, ಇನ್ನೊಂದು ಮಗ್ಗುಲಿಗೆ ಭೀಮಾ ನದಿ, ನಡುವೆ ಗಿಜಿಗುಡುವ ಊರು. ಗುಡ್ಡದ ಮೇಲೆ ಬಂಡೆಗೆ ಕೊರೆದ ಜಿನಬಿಂಬಗಳಿವೆ, ದೇವಿಯ ಗುಡಿಯಿದೆ, ಮಸೀದಿಯಿದೆ, ಬಿಸಿಲಿಗೆ ಬಿದ್ದ ತೋಪುಗಳಿವೆ. ಚಾಲುಕ್ಯರು, ಯಾದವರು, ಬಹಮನಿಗಳು, ಆದಿಲ್‌ಶಾಹಿಗಳು, ಕೊನೆಗೆ ನಿಜಾಮರು. ಬಂದವರು ಯಾರೂ ಹಿಂದಿನವರ ಗುರುತನ್ನು ಪೂರ್ತಿ ಅಳಿಸಿಲ್ಲ. ಮನಸ್ಸಾಗಲಿಲ್ಲವೋ ಪುರುಸೊತ್ತು ಸಿಗಲಿಲ್ಲವೋ, ಹೇಳುವವರಿಲ್ಲ.

ತೋಪಿನ ಪಕ್ಕ ಕಾಲೇಜು ಹುಡುಗರ ಗುಂಪೊಂದು ಮೊಬೈಲು ಹಿಡಿದು ರೀಲ್ಸ್ ಮಾಡುತ್ತಿತ್ತು. ಒಬ್ಬನ ಹೆಗಲ ಮೇಲೆ ತ್ರಿವರ್ಣ ಧ್ವಜ. ಬೆಂಗಳೂರಿನಿಂದ ಬಂದ ಪ್ರವಾಸಿ ಇದು ಯಾರ ಕೋಟೆ ಎಂದು ಕೇಳಿದ.

“ಯಾದವರದ್ರಿ ಸರ್,” ಅಂದ ಒಬ್ಬ. “ಏ, ಬಿಜಾಪುರ ಸುಲ್ತಾನರದ ಲೇ,” ಅಂದ ಇನ್ನೊಬ್ಬ. ಧ್ವಜ ಹೊದ್ದವನು ಜಗಳ ಬಗೆಹರಿಸಿದ: “ಯಾರದರೆ ಇರಲ್ರಿ, ಈಗಂತೂ ನಮ್ದದ.”

ಹುಡುಗ ಆಡಿದ ಮಾತಿನಲ್ಲಿ ಎರಡು ಶತಮಾನಗಳ ವಾದವೊಂದು ಅಡಗಿದೆ. ಹಿಂದೆ ಯಾರದೇ ಆಗಿದ್ದದ್ದು ಈಗ ಎಲ್ಲರದೂ ಆಗುತ್ತದೆ ಎನ್ನುವುದು ರಾಷ್ಟ್ರೀಯತೆ ಕೊಡುವ ಭರವಸೆ. ಆದರೆ ಆ ‘ಎಲ್ಲರ’ ಲೆಕ್ಕ ಬರೆಯುವವರು ಯಾರು? 1882ರಲ್ಲಿ ಪ್ಯಾರಿಸ್ಸಿನ ಸೊರ್ಬಾನ್‌ನಲ್ಲಿ ಮಾತಾಡಿದ ಅರ್ನೆಸ್ಟ್ ರೆನಾನ್, ರಕ್ತ, ಭಾಷೆ, ಧರ್ಮ ಯಾವುದೂ ರಾಷ್ಟ್ರವನ್ನು ಕಟ್ಟಲಾರದು, ಒಟ್ಟಿಗೆ ಬಾಳುವ ಇಚ್ಛೆ ಬೇಕು, ಒಟ್ಟಿಗೆ ಕೆಲವನ್ನು ಮರೆಯಲೂ ಬೇಕು ಎಂದ. 1944ರಲ್ಲಿ ಹ್ಯಾನ್ಸ್ ಕೋನ್ ರಾಷ್ಟ್ರೀಯತೆಯನ್ನು ಎರಡಾಗಿ ವಿಂಗಡಿಸಿದ. ಪೌರತ್ವದ ಆಧಾರದ್ದು ಬಾಗಿಲು ತೆರೆದದ್ದು, ಕುಲದ ಆಧಾರದ್ದು ಬಾಗಿಲು ಮುಚ್ಚಿದ್ದು. ಪುಸ್ತಕದಲ್ಲಿ ಈ ವಿಂಗಡಣೆ ಚೊಕ್ಕವಾಗಿ ಕಾಣುತ್ತದೆ. ಸಗರನಾಡು ಎನ್ನುವ ಈ ಯಾದಗಿರಿ, ಶಹಾಪುರ, ಸುರಪುರದ ದಾರಿಯಲ್ಲಿ ಅಷ್ಟು ಚೊಕ್ಕವಾಗಿ ಉಳಿಯುವುದಿಲ್ಲ. ಇಲ್ಲಿ ಒಂದೇ ಬಾಗಿಲು ಒಬ್ಬನಿಗೆ ತೆರೆದದ್ದೂ ಅದೇ ಹೊತ್ತಿಗೆ ಇನ್ನೊಬ್ಬನಿಗೆ ಮುಚ್ಚಿದ್ದೂ ಉಂಟು.

*

ಯಾದಗಿರಿ ಚಿಕ್ಕ ವಯಸ್ಸಿನ ಜಿಲ್ಲೆ. ಕಲಬುರಗಿಯಿಂದ ಬೇರೆಯಾಗಿ 2010ರಲ್ಲಿ ರಾಜ್ಯದ 30ನೇ ಜಿಲ್ಲೆಯಾಯಿತು. 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು 11.74 ಲಕ್ಷ, ಸಾಕ್ಷರತೆ ಶೇ 52ರ ಆಸುಪಾಸು. ಆ ಪಟ್ಟಿಯಲ್ಲಿ ರಾಜ್ಯದಲ್ಲೇ ಕೊನೆಯ ಸ್ಥಾನ ಇದರದು. ಗುರುಮಠಕಲ್ ಕಡೆ ಹೋದರೆ ತೆಲುಗು ಕಿವಿಗೆ ಬೀಳುತ್ತದೆ, ಪೇಟೆಯ ಅಂಗಡಿಗಳಲ್ಲಿ ದಖನಿ ಉರ್ದು ಸಲೀಸಾಗಿ ಓಡಾಡುತ್ತದೆ. ಜಿಲ್ಲೆಯ ಬಹುಪಾಲು ಜನರ ಮಾತು ಕನ್ನಡ. ಆದರೆ ನಿಜಾಮರ ಕಾಲದಲ್ಲಿ ಕಚೇರಿಯ ಕಾಗದ, ದೊಡ್ಡ ಓದು ಎಲ್ಲ ಉರ್ದುವಿನಲ್ಲಿ. ಕನ್ನಡದಲ್ಲಿ ಕಲಿಯಬೇಕೆಂದವರಿಗೆ ಕಲಬುರಗಿಯ ನೂತನ ವಿದ್ಯಾಲಯದಂಥ ಕೆಲವೇ ಆಸರೆಗಳಿದ್ದವು. ಅದು 1907ರಲ್ಲಿ ಶುರುವಾದ ಶಾಲೆ.

ಸ್ವಾತಂತ್ರ್ಯ ಈ ಊರುಗಳಿಗೆ ಹದಿಮೂರು ತಿಂಗಳು ತಡವಾಗಿ ಬಂತು. 1947ರ ಆಗಸ್ಟ್‌ನಲ್ಲಿ ಈ ಊರುಗಳಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಲಿಲ್ಲ. ಸೇರಬೇಕೆಂದು ಹೋರಾಡಿದ ಸ್ಟೇಟ್ ಕಾಂಗ್ರೆಸ್ಸಿನಲ್ಲಿ ಕನ್ನಡ, ತೆಲುಗು, ಮರಾಠಿ ಮೂರೂ ಸೀಮೆಯ ಜನರಿದ್ದರು. ಮುಂದಾಳು ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ಸಿಂದಗಿಯಲ್ಲಿ. ಭಾರತಕ್ಕೆ ಸೇರುವುದೇ ಸರಿ ಎಂದು ಉರ್ದುವಿನಲ್ಲೇ ಬರೆದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಲೆಯಾದ. ಇನ್ನೊಂದು ಕಡೆ ಕಾಸಿಂ ರಜ್ವಿಯ ರಜಾಕಾರರು. ಸಂಸ್ಥಾನ ಮುಸ್ಲಿಮರ ಆಳ್ವಿಕೆಯಲ್ಲೇ ಉಳಿಯಬೇಕೆಂದು ಪಣ ತೊಟ್ಟ ಪಡೆ ಅದು. ಬೀದರ್ ಸೀಮೆಯ ಗೋರ್ಟಾದಂಥ ಹಳ್ಳಿಗಳಲ್ಲಿ ಅವರು ಮಾಡಿದ ಕೊಲೆಗಳನ್ನು ಜನ ಇಂದಿಗೂ ಮರೆತಿಲ್ಲ. ‘ರಜಾಕಾರರ ಹಾವಳಿ’ ಎಂದರೆ ಈ ಭಾಗದ ಮುತ್ತ್ಯಾಗಳಿಗೆ ಬೇರೆ ವಿವರಣೆ ಬೇಕಾಗಿರಲಿಲ್ಲ.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳನುಗ್ಗಿತು. 17ರಂದು ನಿಜಾಮರು ಶರಣಾದರು. ಪ್ರತಿವರ್ಷ ಆ ದಿನ ಈ ಭಾಗದ ಊರೂರಲ್ಲಿ ಧ್ವಜ ಏರುತ್ತದೆ. ಮೊದಲು ಅದಕ್ಕೆ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವೆಂದು ಹೆಸರು. 2019ರಲ್ಲಿ ಪ್ರದೇಶಕ್ಕೆ ‘ಕಲ್ಯಾಣ ಕರ್ನಾಟಕ’ ಎಂದು ನಾಮಕರಣವಾದ ಮೇಲೆ ಅದು ಕಲ್ಯಾಣ ಕರ್ನಾಟಕ ಉತ್ಸವ ದಿನ.

ಧ್ವಜವಂದನೆಯ ಭಾಷಣದಲ್ಲಿ ಸಾಮಾನ್ಯವಾಗಿ ಬಾರದ ಅಧ್ಯಾಯ ಸೆಪ್ಟೆಂಬರ್ 17ರ ನಂತರದ್ದು. ಸಂಸ್ಥಾನದ ಹಲವು ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಸೇಡಿನ ದಾಳಿಗಳಾದವು. ಏನಾಯಿತೆಂದು ನೋಡಿ ಬರಲು ಕೇಂದ್ರ ಸರ್ಕಾರ ಪಂಡಿತ್ ಸುಂದರಲಾಲ್ ಅವರ ಮುಂದಾಳತ್ವದ ತಂಡವನ್ನು ಕಳಿಸಿತು. ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದೆಂದು ತಂಡ ಅಂದಾಜು ಮಾಡಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗ (ಇಂದಿನ ಕಲಬುರಗಿ), ಬೀದರ್, ನಾಂದೇಡ್. ಯಾದಗಿರಿ, ಶಹಾಪುರ, ಸುರಪುರಗಳು ಆಗ ಗುಲ್ಬರ್ಗ ಜಿಲ್ಲೆಯ ಊರುಗಳು. ರಜಾಕಾರರ ಕ್ರೌರ್ಯವನ್ನೂ, ಪ್ರಾಣವೊಡ್ಡಿ ಮುಸ್ಲಿಂ ನೆರೆಯವರನ್ನು ಕಾಪಾಡಿದ ಹಿಂದೂಗಳನ್ನೂ ಅದೇ ವರದಿ ದಾಖಲಿಸಿತು. ಅದು ದಶಕಗಳ ಕಾಲ ಬೆಳಕು ಕಾಣಲಿಲ್ಲ.

ಹೀಗೆ ಒಂದೇ ಸೆಪ್ಟೆಂಬರ್ ಲಕ್ಷಾಂತರ ಜನರನ್ನು ಪ್ರಜೆಗಳನ್ನಾಗಿ ಒಳಗೆ ಕರೆಯಿತು, ಸಾವಿರಾರು ಜನರನ್ನು ಅವರ ಹೆಸರು ನೋಡಿ ಹೊರಗೆ ನಿಲ್ಲಿಸಿತು. ಸೋಲಿಸಲ್ಪಟ್ಟ ನಿಜಾಮರು ಮಾತ್ರ ಹೊರಗಾಗಲಿಲ್ಲ. 1950ರಿಂದ 1956ರವರೆಗೆ ಅವರೇ ಹೈದರಾಬಾದ್ ರಾಜ್ಯದ ರಾಜಪ್ರಮುಖರು. ಹೊಸ ದೇಶ ಅರಸನ ಜೊತೆ ಬೇಗ ರಾಜಿಯಾಯಿತು. ರಜಾಕಾರರ ಕೈಯಲ್ಲಿ ಸತ್ತ ರೈತ, ಆಮೇಲಿನ ಸೇಡಿನಲ್ಲಿ ಸತ್ತ ನೇಕಾರ, ಇವರ ಮನೆಯವರ ಜೊತೆ ಲೆಕ್ಕ ಚುಕ್ತಾ ಆಗಲಿಲ್ಲ.

*

ಯಾದಗಿರಿಯಿಂದ ಶಹಾಪುರದ ಬಸ್ಸು ಭೀಮೆಯ ಸೇತುವೆ ದಾಟಿ ದೋರನಹಳ್ಳಿಯ ಮೇಲೆ ಹೋಗುತ್ತದೆ. ತೊಗರಿ, ಹತ್ತಿಯ ಕಪ್ಪು ನೆಲ ಬರಬರುತ್ತ ಹಸಿರಾಗುತ್ತದೆ. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರದ ಎಡದಂಡೆ ಕಾಲುವೆ ತಂದ ಹಸಿರು ಅದು. ಜೋಳ ಉಣ್ಣುವ ಸೀಮೆಯಲ್ಲಿ ಭತ್ತದ ಗದ್ದೆ. ಶಹಾಪುರ ಸಮೀಪಿಸಿದಂತೆ ಬಸ್ಸಿನ ಎಲ್ಲರ ಕತ್ತೂ ಒಂದೇ ಕಡೆ ತಿರುಗಿತು. ನಾಲ್ಕು ಗುಡ್ಡಗಳು ಒಂದಕ್ಕೊಂದು ಕೂಡಿ, ಅಂಗಾತ ಮಲಗಿದ ಮನುಷ್ಯನಂತೆ ಕಾಣುತ್ತವೆ. ಹಣೆ, ಮೂಗು, ಗದ್ದ, ಎದೆ ಎಲ್ಲ ಸ್ಪಷ್ಟ. ಜನ ಅದಕ್ಕೆ ಮಲಗಿದ ಬುದ್ಧ ಎನ್ನುತ್ತಾರೆ. ಯಾರೂ ಕೆತ್ತಿದ್ದಲ್ಲ.

ಗುಡ್ಡದ ಬುದ್ಧ ಕಣ್ಣಿನ ಆಟ ಇರಬಹುದು. ಆದರೆ ಬೌದ್ಧರು ಇಲ್ಲಿ ನಿಜಕ್ಕೂ ಬಾಳಿದವರು. ಭೀಮೆಯ ಆಚೆ ದಡದಲ್ಲಿ, ಈಗ ಕಲಬುರಗಿ ಜಿಲ್ಲೆಗೆ ಸೇರಿದ ಸನ್ನತಿಯಲ್ಲಿ ಚಂದ್ರಲಾಂಬಾ ದೇವಸ್ಥಾನವಿದೆ. 1986ರಲ್ಲಿ ಅದರ ಆವರಣದ ಕಾಳಿಯ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಮೂರ್ತಿಗೆ ಪೀಠವಾಗಿದ್ದ ಕಲ್ಲು ನೋಡಿದರೆ ಅದರ ತುಂಬ ಬ್ರಾಹ್ಮೀ ಅಕ್ಷರ. ಅಶೋಕನ ಶಾಸನ! ಮೂರ್ತಿ ನಿಲ್ಲಿಸಲು ನಡುವೆ ತೂತು ಕೊರೆದಿದ್ದರಿಂದ ಕೆಲವು ಅಕ್ಷರ ಹೋಗಿವೆ, ಉಳಿದವು ಓದಲು ಸಿಗುತ್ತವೆ. ಅದರಲ್ಲಿ ಅಶೋಕನ 12ನೇ ಶಿಲಾಶಾಸನವೂ ಇದೆ. ತನ್ನ ಪಂಥವನ್ನು ಹೊಗಳುವ ಉಮೇದಿನಲ್ಲಿ ಬೇರೆಯವರ ಪಂಥವನ್ನು ಹಳಿಯುವವನು ತನ್ನದಕ್ಕೇ ಹಾನಿ ಮಾಡಿಕೊಳ್ಳುತ್ತಾನೆ ಎನ್ನುವುದು ಅದರ ತಾತ್ಪರ್ಯ. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭೂಮಿ ಅಗೆದಾಗ ದೊಡ್ಡ ಸ್ತೂಪವೇ ಸಿಕ್ಕಿತು. ರಾಣಿಯ ಜೊತೆ ನಿಂತ ಅರಸನ ಉಬ್ಬುಶಿಲ್ಪವೂ ಸಿಕ್ಕಿತು, ‘ರಾಯ ಅಸೋಕ’ ಎಂಬ ಬರಹದ ಸಮೇತ.

ಈ ಅಶೋಕನನ್ನು ನಾಡು ಶತಮಾನಗಳ ಕಾಲ ಮರೆತಿತ್ತು. ಅವನ ಲಿಪಿಯನ್ನು 1837ರಲ್ಲಿ ಓದಿದ್ದು ಜೇಮ್ಸ್ ಪ್ರಿನ್ಸೆಪ್ ಎಂಬ ಇಂಗ್ಲಿಷ್ ಅಧಿಕಾರಿ. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಗಟ್ಟಿ ಮಾಡಿದ್ದು 1915ರಲ್ಲಿ ಇಲ್ಲಿಂದ ದೂರವಲ್ಲದ ರಾಯಚೂರು ಸೀಮೆಯ ಮಸ್ಕಿಯಲ್ಲಿ ಸಿಕ್ಕ ಶಾಸನ. 1947ರ ಜುಲೈ 22ರಂದು ಸಂವಿಧಾನ ಸಭೆ ರಾಷ್ಟ್ರಧ್ವಜವನ್ನು ಒಪ್ಪಿದಾಗ ಚರಕದ ಜಾಗದಲ್ಲಿ ಅಶೋಕನ ಚಕ್ರ ಬಂದು ಕೂತಿತು. ಬೌದ್ಧರು ತೀರಾ ಕಡಿಮೆಯಾಗಿದ್ದ ದೇಶ ಬೌದ್ಧ ಚಕ್ರವರ್ತಿಯ ಗುರುತನ್ನು ಎದೆಗೆ ಹಚ್ಚಿಕೊಂಡಿತು. ರಾಷ್ಟ್ರೀಯತೆಯ ದೊಡ್ಡ ಮನಸ್ಸಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಹಾಗೆಂದು ಸುಮ್ಮನಾಗುವಂತೆಯೂ ಇಲ್ಲ. ಸತ್ತು ಎರಡು ಸಾವಿರ ವರ್ಷ ದಾಟಿದವನು ಜಾಗ ಕೇಳುವುದಿಲ್ಲ, ಮೀಸಲಾತಿ ಕೇಳುವುದಿಲ್ಲ, ಬಾವಿಯ ನೀರು ಕೇಳುವುದಿಲ್ಲ. ಅವನನ್ನು ಒಳಗೆ ಕರೆದುಕೊಳ್ಳಲು ಯಾರೂ ಸರಿದು ಕೂರಬೇಕಾಗಿಲ್ಲ.

ಸರಿದು ಕೂರುವ ಪ್ರಶ್ನೆ ಎದುರಾಗುವುದು ಕಾಲುವೆಯ ದಂಡೆಯ ಮೇಲೆ. ನೀರು ಬಂದ ಮೇಲೆ ಆಂಧ್ರದ ಭತ್ತದ ರೈತರು ಇಲ್ಲಿ ಜಮೀನು ಕೊಂಡು ‘ಕ್ಯಾಂಪ್’ ಕಟ್ಟಿಕೊಂಡರು. ಅವರ ಮಕ್ಕಳು ಕನ್ನಡ ಶಾಲೆಗೆ ಹೋಗುತ್ತಾರೆ, ಮನೆಯಲ್ಲಿ ತೆಲುಗು ಆಡುತ್ತಾರೆ. ಇತ್ತ, ನೀರು ಬಂದರೂ ಓದು ಬರದ, ನೌಕರಿ ಸಿಗದ ಈ ಸೀಮೆಗೆಂದು ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ 371(ಜೆ) ಬಂತು. ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ, ಕಾಲೇಜು ಸೀಟುಗಳಲ್ಲಿ ಸ್ಥಳೀಯರಿಗೆ ದೊಡ್ಡ ಪಾಲು. ‘ಡಿ’ ಗುಂಪಿನ ಹುದ್ದೆಗಳಲ್ಲಿ ಶೇ 85ರಷ್ಟು. ಸ್ಥಳೀಯರೆಂದರೆ ಯಾರು? ಇಲ್ಲಿ ಹುಟ್ಟಿದವರು, ಇಲ್ಲದಿದ್ದರೆ 2013ರ ಜನವರಿ 1ಕ್ಕೆ ಮೊದಲು ಕನಿಷ್ಠ ಹತ್ತು ವರ್ಷ ಇಲ್ಲಿ ವಾಸವಿದ್ದವರು, ಮತ್ತು ಅಂಥವರ ಮಕ್ಕಳು.

ಇದೂ ಗೆರೆಯೇ. ಗೆರೆ ಎಂದ ಮೇಲೆ ಹೊರಗುಳಿಯುವವರು ಇದ್ದೇ ಇರುತ್ತಾರೆ. ಆದರೆ ಆ ಗೆರೆ ಜಾತಿ ಕೇಳುವುದಿಲ್ಲ, ದೇವರು ಯಾವುದೆಂದು ಕೇಳುವುದಿಲ್ಲ, ಮನೆಮಾತು ಕೇಳುವುದಿಲ್ಲ. ಕೇಳುವುದು ಹುಟ್ಟಿದ ಊರು, ಕಳೆದ ವರ್ಷಗಳು ಮಾತ್ರ. ಕ್ಯಾಂಪಿನ ತೆಲುಗು ಹುಡುಗಿ ಇಲ್ಲೇ ಹುಟ್ಟಿದ್ದರೆ ಸ್ಥಳೀಯಳು. ಪುರಾತನ ಕನ್ನಡ ಮನೆತನದ ಮೈಸೂರಿನ ಹುಡುಗ ಸ್ಥಳೀಯನಲ್ಲ. 371(ಜೆ) ಪ್ರಮಾಣಪತ್ರಕ್ಕಾಗಿ ಕಚೇರಿಯ ಮುಂದೆ ಸಾಲು ನಿಂತವರಿಗೆ ಇದು ತತ್ವದ ವಿಷಯವಲ್ಲ. ಶಹಾಪುರದ ಚಹಾದಂಗಡಿಯಲ್ಲಿ ಸುಸಲಾ ತಟ್ಟೆ ಹಿಡಿದಿದ್ದ ಒಬ್ಬ ಯುವಕನಿಗೆ ಒಂದೇ ಚಿಂತೆ: “ಸರ್ಟಿಫಿಕೇಟ್ ಅದರಿ ಸರ್. ನೌಕರಿ ಕರೀಬೇಕಲ್ಲ?”

*

ಶಹಾಪುರದಿಂದ ದಕ್ಷಿಣಕ್ಕೆ ಬೀದರ್–ಶ್ರೀರಂಗಪಟ್ಟಣ ಹೆದ್ದಾರಿ ಹಿಡಿದರೆ ಸುರಪುರ. ಸುತ್ತ ಗುಡ್ಡ, ಗುಡ್ಡದ ಮಡಿಲಲ್ಲಿ ಊರು. ಬೇಡರ ನಾಯಕರ ರಾಜಧಾನಿ ಇದು. ಅವರ ಆಸ್ಥಾನದಲ್ಲಿ ಚಿನ್ನದ ರೇಕು ಬಳಸಿದ ಸೂಕ್ಷ್ಮ ಚಿತ್ರಕಲೆ ಬೆಳೆಯಿತು. ಅವರು ಕಟ್ಟಿಸಿದ ವೇಣುಗೋಪಾಲಸ್ವಾಮಿ ದೇವಾಲಯದಲ್ಲಿ ಕೃಷ್ಣಾಷ್ಟಮಿ ಬಂದರೆ ಜಾರುಕಂಬ ಏರುವವರನ್ನು ನೋಡಲು ಜನಸಾಗರ ಸೇರುತ್ತದೆ.

ಸುರಪುರಕ್ಕಿಂತ ಮೊದಲ ರಾಜಧಾನಿ ವಾಗಣಗೇರಾ. ಇಲ್ಲಿಂದ ಟಂಟಂನಲ್ಲಿ ಹೋಗಿಬರಬಹುದಾದ ದೂರ. 1705ರಲ್ಲಿ 86 ವರ್ಷದ ಔರಂಗಜೇಬ್ ಖುದ್ದಾಗಿ ಬಂದು ಮುತ್ತಿಗೆ ಹಾಕಿದ ಕೋಟೆ ಇದು. ಅವನ ಬದುಕಿನ ಕೊನೆಯ ಮುತ್ತಿಗೆಯೂ ಹೌದು. ಒಳಗಿದ್ದವನು ಪಿಡ್ಡನಾಯಕ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅವನು ಜಗ್ಗಲಿಲ್ಲ. ಸಂಧಿಯ ಮಾತಾಡುತ್ತ ದಿನ ತಳ್ಳಿ, ಧನಾಜಿ ಜಾಧವನ ಮರಾಠಾ ಪಡೆಯ ಬೆಂಬಲದಿಂದ ಕೊನೆಗೆ ರಾತ್ರಿ ಜಾರಿಕೊಂಡ. ಬಾದಶಹನಿಗೆ ಸಿಕ್ಕಿದ್ದು ಬರಿದಾದ ಕೋಟೆ. ಆಮೇಲೆ ಹತ್ತಿರದ ದೇವಾಪುರದಲ್ಲಿ ಅವನು ತಿಂಗಳುಗಟ್ಟಲೆ ಕಾಯಿಲೆ ಬಿದ್ದ.

ವೇದಿಕೆಯ ಮೇಲೆ ಹೇಳಲು ಹೇಳಿ ಮಾಡಿಸಿದ ಕಥೆ. ಆದರೆ ಪಾತ್ರಗಳು ವೇದಿಕೆಗೆ ತಕ್ಕಂತೆ ನಿಲ್ಲುವುದಿಲ್ಲ. ಔರಂಗಜೇಬನ ಪರವಾಗಿ ಇಲ್ಲಿ ಕಾದಿದವರಲ್ಲಿ ಹಿಂದೂ ಸರದಾರ ದಲಪತರಾವ್ ಬುಂದೇಲನೂ ಇದ್ದ. ಇಪ್ಪತ್ತು ವರ್ಷ ಹಿಂದೆ ಇದೇ ಬೇಡರ ನಾಯಕನಾಗಿದ್ದ ಪಾಮನಾಯಕ, ಮೊಗಲರು ಬಿಜಾಪುರಕ್ಕೆ ಮುತ್ತಿದಾಗ ಸುಲ್ತಾನ್ ಸಿಕಂದರ್ ಆದಿಲ್‌ಶಾಹನಿಗೆ ನೆರವು ಕಳಿಸಿದವನು. ಬಿಜಾಪುರ ಬಿದ್ದ ಮೇಲೆ ಅದೇ ಪಾಮನಾಯಕ ಮೊಗಲರ ಮನಸಬ್ದಾರನಾದ. ಯಾರ ಉಪ್ಪು, ಯಾರ ನೆಲ, ಯಾರ ಮಾತು ಎಂಬ ಲೆಕ್ಕದಲ್ಲಿ ನಡೆದ ಯುದ್ಧಗಳಿವು. ಅವುಗಳಿಗೆ ರಾಷ್ಟ್ರದ ಬಣ್ಣ ಬಳಿದದ್ದು ಬಹಳ ತಡವಾಗಿ.

1858ರ ಕಥೆ ಇನ್ನೂ ತೊಡಕಿನದು. ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಚಿಕ್ಕ ಹುಡುಗ. ಸಂಸ್ಥಾನ ನೋಡಿಕೊಳ್ಳಲು ಬಂದವನು ಫಿಲಿಪ್ ಮೆಡೋಸ್ ಟೇಲರ್. ಲಿವರ್‌ಪೂಲ್‌ನಲ್ಲಿ ಹುಟ್ಟಿ ನಿಜಾಮರ ಸೈನ್ಯ ಸೇರಿದ ಇಂಗ್ಲಿಷಿನವ, ಠಕ್ಕರ ಬಗ್ಗೆ ಕಾದಂಬರಿ ಬರೆದು ಹೆಸರಾದವ. ಅವನ ಹೆಂಡತಿ ಮೇರಿ ಪಾಮರ್‌ಳ ಅಜ್ಜಿ ಭಾರತದ ಮುಸ್ಲಿಂ ಬೇಗಂ. 1841ರಿಂದ 1853ರವರೆಗೆ ಟೇಲರ್ ಸುರಪುರದಲ್ಲಿದ್ದ. ಗುಡ್ಡದ ಮೇಲೆ ಬಂಗಲೆ ಕಟ್ಟಿಸಿದ, ಸುತ್ತಲಿನ ಹಳ್ಳಿಗಳ ಬೃಹತ್ ಶಿಲಾ ಸಮಾಧಿಗಳನ್ನು ಅಳೆದು ಬರೆದ, ರಾಜಕುಮಾರನಿಗೆ ಓದು ಕಲಿಸಿದ. ಹುಡುಗ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ.

ಪಟ್ಟಕ್ಕೆ ಬಂದ ವೆಂಕಟಪ್ಪ ನಾಯಕ 1857ರ ದಂಗೆಯ ಗಾಳಿ ದಕ್ಷಿಣಕ್ಕೆ ಬೀಸಿದಾಗ ಸುಮ್ಮನೆ ಕೂರಲಿಲ್ಲ. ಆ ನವೆಂಬರ್‌ನಲ್ಲೇ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ಬ್ರಿಟಿಷರ ವಿರುದ್ಧ ಎದ್ದು ಸತ್ತಿದ್ದರು. ಸುರಪುರದಲ್ಲಿ ಬೇಡರ ಜೊತೆ ಅರಬರು, ರೋಹಿಲ್ಲರು ಜಮಾಯಿಸಿದರು. 1858ರ ಫೆಬ್ರವರಿ 7, 8ರಂದು ಕಾಳಗ ನಡೆಯಿತು. ಬ್ರಿಟಿಷರ ಕಡೆಯ ಕ್ಯಾಪ್ಟನ್ ನ್ಯೂಬೆರಿ ಸತ್ತ. ಅವನ ಗೋರಿ ಸುರಪುರದಲ್ಲೇ ಇದೆ. ರಾಜ ಹೈದರಾಬಾದಿಗೆ ಹೋದ. ಅಲ್ಲಿ ನಿಜಾಮರ ದಿವಾನ ಸಾಲಾರ್ ಜಂಗ್‌ನ ಕೈಗೆ ಸಿಕ್ಕು, ಬ್ರಿಟಿಷರ ಪಾಲಾದ. ಸೆರೆಯಲ್ಲಿ ಅವನನ್ನು ನೋಡಲು ಟೇಲರ್ ಹೋದ. ದಂಗೆಗೆ ಹಚ್ಚಿದವರ ಹೆಸರು ಹೇಳಲು ರಾಜ ಒಪ್ಪಲಿಲ್ಲ, ಕಳ್ಳನಂತೆ ನೇಣಿಗೇರಿಸದೆ ತೋಪಿನ ಬಾಯಿಗೆ ಕಟ್ಟಿ ಎಂದ ಎಂಬುದು ಟೇಲರ್ ತನ್ನ ಆತ್ಮಕಥೆಯಲ್ಲಿ ಕೊಡುವ ಚಿತ್ರ. ಮರಣದಂಡನೆ ಇಳಿದು ಇಳಿದು ನಾಲ್ಕು ವರ್ಷದ ಸೆರೆಯಾಯಿತು. ಚೆಂಗಲ್ಪಟ್ಟು ಕೋಟೆಗೆ ಒಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ರಾಜ ಸತ್ತ. ಅವನೇ ಹಾರಿಸಿಕೊಂಡ ಎಂದು ಸರ್ಕಾರಿ ದಾಖಲೆ. ಅಲ್ಲ, ಕೊಂದರು ಎನ್ನುವವರು ಸುರಪುರದಲ್ಲಿ ಈಗಲೂ ಇದ್ದಾರೆ. 1860ರ ಒಪ್ಪಂದದಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮರಿಗೆ ಕೊಟ್ಟರು, ದಂಗೆಯ ಕಾಲದ ನಿಷ್ಠೆಗೆ ಬಹುಮಾನವಾಗಿ.

ಈ ಪಟ್ಟಿಯಲ್ಲಿ ‘ನಮ್ಮವರು’ ಯಾರು, ‘ಪರರು’ ಯಾರು? ಪರದೇಶದಿಂದ ಬಂದ ಅರಬ ಇಲ್ಲಿ ರಾಜನ ಪರ ನಿಂತ. ಈ ದೇಶದ ಸಿಪಾಯಿಗಳೇ ಇದ್ದ, ಬ್ರಿಟಿಷ್ ಅಧಿಕಾರಿಗಳು ನಡೆಸುತ್ತಿದ್ದ ಹೈದರಾಬಾದ್ ಕಂಟಿಂಜೆಂಟ್ ಪಡೆ ರಾಜನ ಎದುರು ನಿಂತಿತು. ಕುಲವನ್ನು ಅಳತೆಗೋಲು ಮಾಡಿಕೊಂಡರೆ ಸುರಪುರದ ಕಾಳಗ ಅರ್ಥವೇ ಆಗುವುದಿಲ್ಲ.

ವೆಂಕಟಪ್ಪ ನಾಯಕನನ್ನು ಹೊಸ ಕಾಲದ ರಾಷ್ಟ್ರಕಥನದೊಳಗೆ ಕರೆತಂದವರಲ್ಲಿ ವಿನಾಯಕ ದಾಮೋದರ ಸಾವರ್ಕರ್ ಮೊದಲಿಗರ ಪೈಕಿ. 1909ರಲ್ಲಿ ಅವರು 1857ನ್ನು ಸ್ವಾತಂತ್ರ್ಯ ಸಮರ ಎಂದು ಕರೆದು ಬರೆದ ಪುಸ್ತಕದಲ್ಲಿ ಸುರಪುರದ ಈ ತರುಣ ರಾಜ ವೀರನಾಗಿ ಬರುತ್ತಾನೆ. ಹಿಂದೂ–ಮುಸ್ಲಿಮರು ಭುಜಕ್ಕೆ ಭುಜ ಕೊಟ್ಟು ಕಾದಿದ್ದನ್ನು ಆ ಪುಸ್ತಕ ಮನಸಾರೆ ಹೊಗಳುತ್ತದೆ. ಹದಿನಾಲ್ಕು ವರ್ಷ ಕಳೆದು, 1923ರಲ್ಲಿ ಹಿಂದುತ್ವದ ಕುರಿತು ಬರೆದ ಪುಸ್ತಕದಲ್ಲಿ ಅವರದೇ ಅಳತೆಗೋಲು ಬೇರೆಯಾಯಿತು: ಈ ನೆಲ ಪಿತೃಭೂಮಿಯಾಗಿದ್ದರೆ ಸಾಲದು, ಪುಣ್ಯಭೂಮಿಯೂ ಆಗಿರಬೇಕು. ಮೊದಲ ಪುಸ್ತಕದಲ್ಲಿ ರಾಜನ ಪಕ್ಕ ಕಾದಿದ ರೋಹಿಲ್ಲನಿಗೆ ಎರಡನೆಯದರಲ್ಲಿ ಜಾಗ ಇಕ್ಕಟ್ಟು. ಲೇಖಕ ಒಬ್ಬನೇ, ದೇಶ ಒಂದೇ. ಎದುರಿಗೆ ಸಾಮ್ರಾಜ್ಯವಿದ್ದಾಗ ರಾಷ್ಟ್ರೀಯತೆ ಕೈ ಚಾಚಿ ಕರೆಯುತ್ತದೆ, ಅಧಿಕಾರ ಹಂಚುವ ಮಾತು ಬಂದಾಗ ಬಾಗಿಲಲ್ಲಿ ನಿಂತು ವಿಚಾರಿಸುತ್ತದೆ. 1916ರಲ್ಲಿ ಜಪಾನಿನಲ್ಲಿ ರಾಷ್ಟ್ರೀಯತೆಯ ಅಮಲಿನ ಬಗ್ಗೆ ಎಚ್ಚರಿಸಿದ ರವೀಂದ್ರನಾಥ ಠಾಕೂರರಿಗೆ ಕಂಡದ್ದೂ ಇಂಥದೇ ತಿರುವು.

ಇನ್ನು ಸತ್ತ ರಾಜನಿಗೆ ಸಿಕ್ಕ ಮನ್ನಣೆ ಅವನ ಜನಕ್ಕೆ ಯಾವಾಗ ಸಿಕ್ಕಿತು? ಬೇಡ, ವಾಲ್ಮೀಕಿ ಎಂಬ ಹೆಸರುಗಳು ನಾಯಕ ಸಮುದಾಯದೊಂದಿಗೆ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 1991ರಲ್ಲಿ. ಸುರಪುರ ವಿಧಾನಸಭಾ ಕ್ಷೇತ್ರ ಆ ಪಂಗಡಕ್ಕೆ ಮೀಸಲಾಗಿದ್ದು 2008ರ ಚುನಾವಣೆಯಿಂದ. ರಾಜ ಹುತಾತ್ಮನಾಗಲು ಅರ್ಜಿ ಹಾಕಬೇಕಾಗಿರಲಿಲ್ಲ. ಜನ ಹಾಕಬೇಕಾಯಿತು.

ಟೇಲರ್ ಕಟ್ಟಿಸಿದ ಬಂಗಲೆಯನ್ನು ಊರು ಕೆಡವಲಿಲ್ಲ. ‘ಟೇಲರ್ ಮಂಜಿಲ್’ ಈಗ ಸರ್ಕಾರಿ ಅತಿಥಿಗೃಹ. ಬಂಗಲೆಯ ಬಗ್ಗೆ ಕೇಳಿದಾಗ ಅಲ್ಲಿಗೆ ಕರೆದೊಯ್ದ ಟಂಟಂ ಚಾಲಕ, “ಚೊಲೊ ಮನಷ್ಯಾ ಇದ್ದಂತ್ರಿ ಅಂವ,” ಎಂದು ಶುರು ಮಾಡಿ, “ಖರೇ ಅಂದ್ರ ನಮ್ಮ ರಾಜಾರನ್ನ ಉಳಸ್ಲಿಲ್ಲ ನೋಡ್ರಿ,” ಎಂದು ಮುಗಿಸಿದ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ಅವನಿಗೆ ಕಷ್ಟವಾಗಲಿಲ್ಲ.

*

ಹೆದ್ದಾರಿಯಲ್ಲಿ ಇನ್ನಷ್ಟು ದಕ್ಷಿಣಕ್ಕೆ, ಕೃಷ್ಣೆಯ ದಂಡೆಯ ಮೇಲೆ ತಿಂಥಣಿ. ಮೌನೇಶ್ವರನ ಕ್ಷೇತ್ರ. ವಿಶ್ವಕರ್ಮರ ಮನೆಯಲ್ಲಿ ಹುಟ್ಟಿದನೆಂದು ನಂಬುವ ಈ ಸಂತನನ್ನು ಹಿಂದೂಗಳು ಮೌನಪ್ಪಯ್ಯ ಎನ್ನುತ್ತಾರೆ, ಮುಸ್ಲಿಮರು ಮೌನುದ್ದೀನ್ ಎನ್ನುತ್ತಾರೆ. ಜಾತ್ರೆಯಲ್ಲಿ ಕೂಗುವ ಜಯಘೋಷದಲ್ಲೇ ಪೀರರ ಸ್ಮರಣೆ ಬೆರೆತಿದೆ. ಹತ್ತಿರದ ಕೊಡೇಕಲ್ಲಿನ ಬಸವಣ್ಣನ ಪರಂಪರೆಯಲ್ಲೂ ಶರಣರು, ಸೂಫಿಗಳು ಇಬ್ಬರ ಗುರುತೂ ಸಿಗುತ್ತದೆ. ಮೊಹರಂ ಬಂದರಂತೂ ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳು ಅಲಾಯಿ ಕುಣಿ ತೋಡಿ, ಪಂಜಾ ಕೂರಿಸಿ, ಹೆಜ್ಜೆ ಹಾಕುತ್ತವೆ. ಹರಕೆ ಹೊತ್ತವರು ಗೌಡರು, ಕುರುಬರು, ಬೇಡರು.

ಇಂಥದ್ದನ್ನು ಕಂಡ ಪ್ರವಾಸಿಗೆ, ರಾಷ್ಟ್ರೀಯತೆ ಕಲಿಯಬೇಕಾದದ್ದನ್ನು ಸಗರನಾಡು ಎಂದೋ ಕಲಿತಿದೆ ಎಂದು ಷರಾ ಬರೆದು ಹೊರಡುವ ಆಸೆ ಹುಟ್ಟುವುದು ಸಹಜ. ಹಳ್ಳಿಯೊಳಗೆ ನಾಲ್ಕು ಹೆಜ್ಜೆ ಹೆಚ್ಚು ನಡೆದರೆ ಆ ಆಸೆ ಇಳಿಯುತ್ತದೆ. ಪೀರರ ಮುಂದೆ ಒಟ್ಟಿಗೆ ಕುಣಿದವರ ಓಣಿಗಳು ಬೇರೆ ಬೇರೆ. ದಲಿತರ ಕೇರಿ ಊರ ಅಂಚಿನಲ್ಲೇ ಇದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯ ಕೊನೆಯ ದೊಡ್ಡ ಭಾಷಣದಲ್ಲಿ ಅಂಬೇಡ್ಕರ್, ಸಾವಿರಾರು ಜಾತಿಗಳಾಗಿ ಒಡೆದ ಜನ ಒಂದು ರಾಷ್ಟ್ರವಾಗಿಬಿಟ್ಟಿದ್ದೇವೆ ಎಂದು ನಂಬುವುದು ದೊಡ್ಡ ಭ್ರಮೆ, ಜಾತಿಗಳೇ ರಾಷ್ಟ್ರವಿರೋಧಿ ಎಂದಿದ್ದರು. ಹೊರಗಿನ ಶತ್ರುವನ್ನು ಹುಡುಕುವ ರಾಷ್ಟ್ರೀಯತೆಗೆ ಈ ಮಾತು ರುಚಿಸುವುದಿಲ್ಲ, ಏಕೆಂದರೆ ಇದು ಒಳಗಿನವರೇ ಒಳಗಿನವರಿಗೆ ಹಾಕಿದ ಬೇಲಿಯನ್ನು ತೋರಿಸುತ್ತದೆ. ಸಂತನ ಜಾತ್ರೆ ವರ್ಷಕ್ಕೊಮ್ಮೆ ಮನುಷ್ಯರನ್ನು ಕಲೆಸುತ್ತದೆ. ಬಾವಿ, ಹೋಟೆಲು, ಗುಡಿಯ ಬಾಗಿಲನ್ನು ದಿನವೂ ತೆರೆದಿಡಲು ಸಂವಿಧಾನದ 17ನೇ ವಿಧಿ ಬೇಕಾಯಿತು. ಅದನ್ನು ಜಾರಿ ಮಾಡಲು ಈಗಲೂ ಪೊಲೀಸ್ ಠಾಣೆ, ಹೋರಾಟ ಬೇಕಾಗುತ್ತವೆ.

*

ಕನ್ನಡ ಎಂಬ ‘ನಮ್ಮತನ’ದ ಲೆಕ್ಕವೂ ಇಲ್ಲಿ ಬಾಕಿಯಿದೆ. 1956ರ ನವೆಂಬರ್ 1ರಂದು ಗುಲ್ಬರ್ಗ, ರಾಯಚೂರು, ಬೀದರ್ ಸೀಮೆಗಳು ಮೈಸೂರು ರಾಜ್ಯ ಸೇರಿದವು. ಏಕೀಕರಣದ ಹೋರಾಟದಲ್ಲಿ ಈ ಭಾಗದವರೂ ಬೆವರು ಸುರಿಸಿದ್ದರು. ಮುಂದೆ 2004ರಲ್ಲಿ ನಾಡಗೀತೆಯಾದ ಕುವೆಂಪು ಅವರ ಪದ್ಯ ಹಲವು ಮತದವರನ್ನು ಹೆಸರಿಟ್ಟು ಕರೆಯುತ್ತದೆ. ನಾಡನ್ನು ಭಾರತದ ಮಗಳಾಗಿ ಕಾಣುವ, ಎರಡು ಅಭಿಮಾನಗಳನ್ನು ಜಗಳವಾಡಿಸದ ಗೀತೆ ಅದು. ಆದರೂ ರಾಜಧಾನಿ ದೂರವೇ ಉಳಿಯಿತು. ಮಳೆ ಕೈಕೊಟ್ಟ ವರ್ಷ ಸುರಪುರ, ಶಹಾಪುರ, ಯಾದಗಿರಿಯ ಹಳ್ಳಿಗಳಿಂದ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತವೆ. ಗಾರೆ ಕೆಲಸ, ಕಲ್ಲು ಹೊರುವ ಕೆಲಸ, ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಪಕ್ಕದಲ್ಲೇ ತಗಡಿನ ಶೆಡ್ಡು. ಮನೆಯಲ್ಲಿ ಉಳಿಯುವವರು ಮುದುಕರು. ಮಕ್ಕಳ ಶಾಲೆ ಅರ್ಧಕ್ಕೆ ನಿಲ್ಲುತ್ತದೆ. ರಾಜ್ಯದ ಸಾಕ್ಷರತೆ ಪಟ್ಟಿಯ ಕೊನೆಯ ಸಾಲಿಗೆ ಇದೂ ಒಂದು ಕಾರಣ.

ಸಂಜೆ ಸುರಪುರದ ಬಸ್ ನಿಲ್ದಾಣದಲ್ಲಿ ಬೆಂಗಳೂರಿನ ಬಸ್ಸಿಗೆ ಕಾಯುತ್ತಿದ್ದವರ ಬಳಿ ಸೂಟ್‌ಕೇಸುಗಳಿಗಿಂತ ಚೀಲಗಳೇ ಹೆಚ್ಚು. ಜೋಳದ ಹಿಟ್ಟು, ಕಟಕ ರೊಟ್ಟಿಯ ಗಂಟು, ಒಂದು ಸ್ಟೌ. ಗಾರೆ ಕೆಲಸದ ನಡುವಯಸ್ಸಿನ ಒಬ್ಬ, ಹೆಂಡತಿ, ಇಬ್ಬರು ಮಕ್ಕಳ ಜೊತೆ ಕಟ್ಟೆಯ ಮೇಲೆ ಕೂತಿದ್ದ. ಬೆಂಗಳೂರು ಹೇಗೆ ನಡೆಸಿಕೊಳ್ಳುತ್ತದೆ ಎಂದು ಪ್ರವಾಸಿ ಕೇಳಿದ.

“ಕೆಲಸಕ್ಕೇನ್ ಕಮ್ಮಿ ಇಲ್ರಿ ಯಣ್ಣಾ. ಮಾತಾಡಿದ್ರ ಮಾತ್ರ, ನೀವು ಆಂಧ್ರದವ್ರೇನು ಅಂತ ಕೇಳ್ತಾರ. ಕನ್ನಡದಾಗ ಮಾತಾಡಿದ್ರೂ ಕೇಳ್ತಾರ.”

ಹೆಂಡತಿ ನಕ್ಕಳು. ಮಕ್ಕಳ ಶಾಲೆ ಎಂದಾಗ ನಗು ನಿಂತಿತು. ಅಲ್ಲಿ ಸೇರಿಸಲು ವಿಳಾಸದ ಕಾಗದ ಕೇಳುತ್ತಾರೆ, ಇಲ್ಲಿ ಬಿಟ್ಟರೆ ನೋಡಿಕೊಳ್ಳಲು ಅತ್ತೆಯ ಕೈಲಾಗದು. ಓಟು ಎಲ್ಲಿ ಹಾಕುತ್ತೀರಿ ಎಂಬ ಪ್ರಶ್ನೆಗೆ ಗಂಡ ತಟ್ಟನೆ ಉತ್ತರಿಸಿದ:

“ಅದಕ್ಕೇನ್ ಚಿಂತಿಲ್ರಿ. ಇಲೆಕ್ಷನ್ ಬಂತಂದ್ರ ಶೆಡ್ಡಿನ ಮುಂದನ ಕ್ರೂಸರ್ ಬಂದು ನಿಂತಿರ್ತದ. ಹೋಗೂದು, ಬರೂದು, ಊಟ, ಎಲ್ಲಾ ಫ್ರೀ. ಅವತ್ತ ಮಾತ್ರ ನಾವು ಯಾವೂರವ್ರು ಅಂತ ಎಲ್ಲಾರಿಗೂ ಸರಿಯಾಗಿ ಗೊತ್ತಿರ್ತದ.”